ಒಡೆಯಲಾಗದ ಹುಂಡಿ: ಜೂಜಿನ ಆಟವೊಂದರ ವಿನ್ಯಾಸದ ಪ್ರಕರಣ ಅಧ್ಯಯನ

ಹಿನ್ನೆಲೆ

ಬಳ್ಳಾರಿ ನಗರದಲ್ಲಿ, ಜೀನ್ಸ್ ಹೊಲಿಯುವ ಯಂತ್ರಗಳ ಸದ್ದು ದಿನವಿಡೀ ಕೇಳಿಸುವ ಓಣಿಯೊಂದರ ಮೊದಲ ಮಹಡಿಯಲ್ಲಿ, ನಾಲ್ಕು ಜನರ ಒಂದು ಸಣ್ಣ ಸಾಫ್ಟ್‌ವೇರ್ ಸಂಸ್ಥೆ ಇತ್ತು. ಅಕ್ಕಿ ಗಿರಣಿಗಳ ದಾಸ್ತಾನಿನ ಲೆಕ್ಕ, ದಲಾಲಿ ಅಂಗಡಿಗಳ ಬಿಲ್ಲು, ಖಾಸಗಿ ಶಾಲೆಗಳ ಶುಲ್ಕದ ತಂತ್ರಾಂಶ, ಇವು ಅದರ ನಿತ್ಯದ ಅನ್ನ. 2024ರಲ್ಲಿ ಮಧ್ಯವರ್ತಿಯೊಬ್ಬರ ಮೂಲಕ ಅದಕ್ಕೆ ಬೇರೆ ಬಗೆಯ ಕೆಲಸ ಬಂತು. ಪರವಾನಗಿ ಹೊಂದಿದ್ದ ವಿದೇಶಿ ಜೂಜಿನ ಕಂಪನಿಯೊಂದಕ್ಕೆ ಸ್ಲಾಟ್ ಎಂಬ, ಪಣ ಕಟ್ಟಿ ಚಿಹ್ನೆಗಳನ್ನು ತಿರುಗಿಸುವ ಆಟವೊಂದರ ಗಣಿತವನ್ನೂ ಅದರ ಮೊದಲ ಮಾದರಿಯನ್ನೂ ಸಿದ್ಧಪಡಿಸಿ ಕೊಡುವುದು ಆ ಕೆಲಸ. ನಾನು ಸಂಖ್ಯಾಶಾಸ್ತ್ರ ಕಲಿಸುವವನು. ಲೆಕ್ಕವನ್ನು ಪರಿಶೀಲಿಸಿ ಸಹಿ ಹಾಕಲು ಹೊರಗಿನಿಂದ ನನ್ನನ್ನು ಸೇರಿಸಿಕೊಂಡಿದ್ದರು. ಯಾರ ಗುರುತೂ ಸಿಗದಂತೆ ಇಲ್ಲಿ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಅಂಕಿಗಳನ್ನು ಕೈಲೆಕ್ಕಕ್ಕೆ ಸಿಗುವಷ್ಟು ದುಂಡಗೆ ಮಾಡಿದ್ದೇನೆ, ಆದರೆ ಅವುಗಳ ನಡುವಿನ ಸಂಬಂಧ ಮೂಲದಲ್ಲಿ ಇದ್ದಂತೆಯೇ ಇದೆ.

ಕೆಲಸ ಒಪ್ಪಿಕೊಳ್ಳುವಾಗ ಮಾಲಕರು ಕಾನೂನಿನ ಬಗ್ಗೆ ಯೋಚಿಸದೆ ಇರಲಿಲ್ಲ. ಕರ್ನಾಟಕ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿಯ ಮೂಲಕ 2021ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದ್ದೂ, 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಅಂಶಗಳನ್ನು ರದ್ದುಪಡಿಸಿದ್ದೂ ಅವರಿಗೆ ಗೊತ್ತಿತ್ತು. ನಾವು ಇಲ್ಲಿ ಯಾರಿಗೂ ಆಟ ಆಡಿಸುವುದಿಲ್ಲ, ದೂರದ ದೇಶದ ಯಂತ್ರಕ್ಕೆ ಲೆಕ್ಕ ಬರೆದುಕೊಡುತ್ತೇವೆ ಅಷ್ಟೇ ಎಂಬುದು ಅವರ ಸಮಾಧಾನವಾಗಿತ್ತು. ನನ್ನದೂ ಅದೇ ಆಗಿತ್ತು.

ಸಮಸ್ಯೆ

ಸಾಮಾನ್ಯ ಸ್ಲಾಟ್ ಆಟದಲ್ಲಿ ಪ್ರತಿ ಸುತ್ತೂ ಹಿಂದಿನದನ್ನು ಮರೆತೇ ಶುರುವಾಗುತ್ತದೆ. ಪಣ ಕಟ್ಟಿ ಗುಂಡಿ ಒತ್ತಿದ ಕೂಡಲೇ ಯಾದೃಚ್ಛಿಕ ಸಂಖ್ಯೆಯೊಂದು ಫಲವನ್ನು ತೀರ್ಮಾನಿಸುತ್ತದೆ. ಕಳೆದ ನೂರು ಸುತ್ತು ಸೋತವನಿಗೂ ಈಗಷ್ಟೇ ಬಂದು ಕೂತವನಿಗೂ ಮುಂದಿನ ಸುತ್ತಿನ ಅವಕಾಶ ಒಂದೇ. ಕಟ್ಟಿದ ಪಣದಲ್ಲಿ ದೀರ್ಘಾವಧಿಯ ಸರಾಸರಿಯಲ್ಲಿ ಆಟಗಾರರಿಗೆ ಮರಳುವ ಭಾಗವನ್ನು ಆ ವೃತ್ತಿಯವರು ಆರ್‌ಟಿಪಿ ಎನ್ನುತ್ತಾರೆ. ನಾನು ಮರಳಿಕೆ ಎನ್ನುತ್ತೇನೆ. ಅಮೆರಿಕದ ನೆವಾಡ ರಾಜ್ಯದ ನಿಯಮದಂತೆ ಅದು ಶೇ. 75ಕ್ಕಿಂತ ಕಡಿಮೆ ಇರುವಂತಿಲ್ಲ. ನಮ್ಮ ಆಟಕ್ಕೆ ಗಿರಾಕಿ ಕಂಪನಿ ಕೇಳಿದ್ದು ಶೇ. 90.

ಮರೆವಿನ ಈ ಆಟಕ್ಕೆ ವ್ಯಾಪಾರಿಯ ಕಣ್ಣಿನಲ್ಲಿ ಒಂದು ಕೊರತೆ ಇದೆ: ಎದ್ದು ಹೋಗುವವನನ್ನು ಹಿಡಿದಿಡಲು ಅದರ ಬಳಿ ಏನೂ ಇಲ್ಲ. ಕಂಪನಿಯ ಬೇಡಿಕೆ ಪತ್ರದಲ್ಲಿದ್ದ ಮುಖ್ಯ ವಾಕ್ಯದ ಸಾರ ಇಷ್ಟು: ಆಟಗಾರ ಬಿಟ್ಟು ಹೋದಾಗ ಏನಾದರೊಂದು ಉಳಿದಿರಬೇಕು, ಮತ್ತು ಅದು ಉಳಿದಿದೆ ಎಂದು ಅವನಿಗೆ ಗೊತ್ತಿರಬೇಕು. ಇಂಥ ಉಳಿಕೆಯ ಬಹುಮಾನಗಳು ವಿದೇಶದ ಜೂಜುಕಟ್ಟೆಗಳಲ್ಲಿ ಹೊಸವಲ್ಲ. ನಿಗದಿತ ಮೊತ್ತ ಮುಟ್ಟುವುದರೊಳಗೆ ಒಡೆಯಲೇಬೇಕಾದ ಜಾಕ್‌ಪಾಟ್‌ಗಳು, ಹತ್ತು ಸುತ್ತುಗಳ ತನಕ ಚಿಹ್ನೆಗಳನ್ನು ಕೂಡಿಡುವ ಆಟಗಳು, ಪರದೆಯ ಮೇಲೆ ದಪ್ಪಗಾಗುತ್ತ ಹೋಗುವ ಮಡಕೆಗಳು ಹೀಗೆ ಹಲವು ಬಗೆ. ಅವುಗಳಲ್ಲಿ ಒಂದು ನಮ್ಮಿಂದ ಆಗಬೇಕಿತ್ತು.

ಹುಂಡಿಯ ಕಲ್ಪನೆ ವಿನ್ಯಾಸಗಾರ್ತಿಯದು. ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಚಿಕ್ಕಂದಿನಲ್ಲಿ ಕೊಂಡ ಮಣ್ಣಿನ ಹುಂಡಿಯೊಂದು ಅವರ ಮನಸ್ಸಿನಲ್ಲಿತ್ತು. ಆಟ ಆಡುತ್ತಿದ್ದಂತೆ ಆಗಾಗ ಒಂದು ಬಿಲ್ಲೆ ಹುಂಡಿಗೆ ಬೀಳುತ್ತದೆ. ಎಂಟು ಬಿಲ್ಲೆ ತುಂಬಿದರೆ ಹುಂಡಿ ಒಡೆದು ಬಹುಮಾನ ಸಿಗುತ್ತದೆ. ಚಿತ್ರ ಸೊಗಸಾಗಿತ್ತು, ಕಂಪನಿಯವರು ಮೊದಲ ನೋಟಕ್ಕೇ ಒಪ್ಪಿದರು.

ಮೊದಲ ಲೆಕ್ಕ, ಮೊದಲ ತೂತು

ಲೆಕ್ಕ ಹೀಗಿತ್ತು. ಹುಂಡಿಯನ್ನು ಬದಿಗಿಟ್ಟರೆ ಮೂಲ ಆಟದ ಮರಳಿಕೆ ಶೇ. 70. ಪ್ರತಿ ಸುತ್ತಿನಲ್ಲೂ ಬಿಲ್ಲೆ ಬೀಳುವ ಅವಕಾಶ 15ಕ್ಕೆ 1. ಎಂಟು ಬಿಲ್ಲೆಗೆ ಸರಾಸರಿ 120 ಸುತ್ತು ಬೇಕು. ತುಂಬಿದ ಹುಂಡಿಯ ಬಹುಮಾನ ಪಣದ 24 ಪಟ್ಟು. 120 ಸುತ್ತಿಗೆ 24 ಎಂದರೆ ಶೇ. 20, ಎರಡೂ ಸೇರಿ ಶೇ. 90. ಕಾಗದದ ಮೇಲೆ ಇದರಲ್ಲಿ ಹುಳುಕು ಇರಲಿಲ್ಲ.

ಹುಳುಕು ಹುಡುಕಿದ್ದು ಗಣಿತ ಓದಿದವರಲ್ಲ. ಮಾಲಕರ ಭಾವಮೈದುನ ಎಪಿಎಂಸಿಯ ದಲಾಲಿ ಅಂಗಡಿಯೊಂದರಲ್ಲಿ ಗುಮಾಸ್ತ. ಸುಳ್ಳು ಹಣದ ಮಾದರಿಯನ್ನು ಆಡಿ ನೋಡಲು ಅವನನ್ನು ಕೂರಿಸಿದ್ದರು. ಅರ್ಧ ಗಂಟೆಯೊಳಗೆ ಅವನು ಒಂದು ರೂಪಾಯಿ ಪಣದಲ್ಲಿ ಏಳು ಬಿಲ್ಲೆ ಕೂಡಿಸಿ, ನಂತರ ಪಣವನ್ನು ನೂರಕ್ಕೆ ಏರಿಸಿದ. ಏಳು ಬಿಲ್ಲೆ ಕೂಡಿಸಲು ಸರಾಸರಿ 105 ಸುತ್ತು, ಅಂದರೆ 31.50 ರೂಪಾಯಿ ನಷ್ಟ. ಕೊನೆಯ ಬಿಲ್ಲೆಗೆ ನೂರರ ಪಣದಲ್ಲಿ ಸರಾಸರಿ 15 ಸುತ್ತು, 450 ರೂಪಾಯಿ ನಷ್ಟ. ಬಹುಮಾನ 2,400. ‘ಮಾವಾ, ಇದು ನಮ್ಮ ಅಂಗಡ್ಯಾಗ ಹತ್ತಿ ತೂಕ ಹಾಕೂವಾಗ ಕಲ್ಲು ಬದಲಿಸಿದಂಗ ಆತು’ ಎಂದು ಅವನು ನಕ್ಕದ್ದು ನನಗೆ ಚೆನ್ನಾಗಿ ನೆನಪಿದೆ, ಏಕೆಂದರೆ ಆ ಲೆಕ್ಕಕ್ಕೆ ಸಹಿ ಹಾಕಿದ್ದವನು ನಾನು.

ವಿನ್ಯಾಸಗಾರ್ತಿ ಕೂಡಲೇ ಒಂದು ಪರಿಹಾರ ಕೊಟ್ಟರು: ಬಹುಮಾನವನ್ನು ಹುಂಡಿಗೆ ಕಟ್ಟದೆ ಬಿಲ್ಲೆಗೆ ಕಟ್ಟೋಣ. ಬಿಲ್ಲೆ ಬಿದ್ದ ಸುತ್ತಿನಲ್ಲಿ ಪಣ ಎಷ್ಟಿತ್ತೋ ಅದರ ಮೂರು ಪಟ್ಟು ಆ ಬಿಲ್ಲೆಯ ಬೆಲೆ. ಹುಂಡಿ ಒಡೆದಾಗ ಎಂಟು ಬಿಲ್ಲೆಗಳ ಬೆಲೆಯನ್ನೂ ಕೂಡಿಸಿ ಕೊಡುವುದು. ಎಂಟು ಮೂರಲೆ ಇಪ್ಪತ್ತನಾಲ್ಕು, ಹಳೆಯ ಲೆಕ್ಕವೇ ಉಳಿಯಿತು. ಪಣ ಏರಿಸಿ ಮೋಸ ಮಾಡುವ ದಾರಿ ಮುಚ್ಚಿತು. ಆ ಹೊತ್ತಿನಲ್ಲಿ ನಮಗೆ ಇದು ತೂತು ಮುಚ್ಚುವ ತೇಪೆಯಾಗಿ ಮಾತ್ರ ಕಂಡಿತ್ತು. ಬಿಲ್ಲೆಗೆ ಬೆಲೆ ಕಟ್ಟಿದ ಕ್ಷಣದಲ್ಲೇ ಅದು ಆಟಗಾರನ ಪಾಲಿನ ಬಾಕಿ ಹಣವಾಯಿತು ಎಂಬುದು ಹೊಳೆಯಲು ಇನ್ನೂ ಎರಡು ತಿಂಗಳು ಬೇಕಾಯಿತು.

ಕಾಯುವವರ ಲಾಭ

ಕಂಪನಿಗೆ ಆಟದ ಎರಡು ರೂಪ ಬೇಕಿತ್ತು: ಜೂಜುಕಟ್ಟೆಯಲ್ಲಿ ನಿಲ್ಲಿಸುವ ಯಂತ್ರ ಒಂದು, ಫೋನಿನಲ್ಲಿ ಆಡುವುದು ಇನ್ನೊಂದು. ಯಂತ್ರದಲ್ಲಿ ಹುಂಡಿ ಯಂತ್ರದ್ದು. ಒಬ್ಬ ಬಿಟ್ಟುಹೋದ ಬಿಲ್ಲೆಗಳ ಮೇಲೆ ಮುಂದಿನವನು ಆಡುತ್ತಾನೆ. ಅಲ್ಲಿ ಬಿಲ್ಲೆಯ ಬೆಲೆಯ ತೇಪೆ ಹೊಸ ತೂತನ್ನೇ ತೆರೆಯಿತು. ಮೊದಲಿನವನು ನೂರರ ಪಣದಲ್ಲಿ ಏಳು ಬಿಲ್ಲೆ ಬಿಟ್ಟು ಹೋಗಿದ್ದರೆ, ಬಂದವನು ಒಂದರ ಪಣದಲ್ಲಿ ಆಡಿ ನಾಲ್ಕೈದು ರೂಪಾಯಿ ಖರ್ಚಿನಲ್ಲಿ 2,100ನ್ನು ಬಾಚಿಕೊಳ್ಳಬಹುದು. ಆದ್ದರಿಂದ ಯಂತ್ರದಲ್ಲಿ ಪ್ರತಿ ಪಣಕ್ಕೂ ಬೇರೆ ಬೇರೆ ಹುಂಡಿ ಇಟ್ಟೆವು.

ಆಗಲೂ ಮೂಲ ತೊಡಕು ಉಳಿಯಿತು. ಪ್ರತಿ ಬಿಲ್ಲೆಗೆ ಸರಾಸರಿ 15 ಸುತ್ತು, ಸುತ್ತಿಗೆ ಪಣದ ಶೇ. 30 ನಷ್ಟ, ಹಾಗಾಗಿ ಇನ್ನೊಂದು ಬಿಲ್ಲೆ ಕೂಡಿಸಲು 4.5 ಪಣ ಖರ್ಚು. ಖಾಲಿ ಹುಂಡಿಯಿಂದ ಶುರು ಮಾಡಿದವನು 36 ಪಣ ಕಳೆದುಕೊಂಡು 24 ಪಡೆಯುತ್ತಾನೆ. ಎರಡು ಬಿಲ್ಲೆ ಇರುವಾಗ ಬಂದವನು 27 ಕಳೆದು 24 ಪಡೆಯುತ್ತಾನೆ. ಮೂರು ಬಿಲ್ಲೆ ಇರುವಾಗ ಬಂದವನ ಖರ್ಚು 22.5; ಅವನು ಗೆಲ್ಲುವ ಕಡೆಗೆ ದಾಟಿದ. ಐದು ಇರುವಾಗ ಬಂದವನಿಗೆ ಸರಾಸರಿ 10.5 ಪಣ ಲಾಭ, ಏಳು ಇರುವಾಗ ಬಂದವನಿಗೆ 19.5. ಒಬ್ಬ ಜಾಣ ಯಂತ್ರಗಳ ಸಾಲಿನಲ್ಲಿ ಅಡ್ಡಾಡುತ್ತ, ಹುಂಡಿಗಳನ್ನು ಇಣುಕುತ್ತ, ಮೂರು ಅಥವಾ ಹೆಚ್ಚು ಬಿಲ್ಲೆ ಇರುವಲ್ಲಿ ಮಾತ್ರ ಕೂತು, ಒಡೆದ ಕೂಡಲೇ ಎದ್ದರೆ ದೀರ್ಘಾವಧಿಯಲ್ಲಿ ಅವನು ಸೋಲುವುದಿಲ್ಲ. ಅಮೆರಿಕದ ಜೂಜುಕಟ್ಟೆಗಳಲ್ಲಿ ಇದನ್ನೇ ಕಸುಬು ಮಾಡಿಕೊಂಡವರಿದ್ದಾರೆ, ಅಲ್ಲಿ ಅವರಿಗೆ ರಣಹದ್ದು ಎಂಬ ಅರ್ಥದ ಅಡ್ಡಹೆಸರೂ ಇದೆ.

ಹದ್ದಿನ ಲಾಭ ಕಂಪನಿಯ ಜೇಬಿನಿಂದ ಹೋಗುವುದಿಲ್ಲ ಎಂಬುದು ಗಮನಿಸಬೇಕಾದ ಮಾತು. ಕಂಪನಿಗೆ ಯಾರು ಆಡಿದರೂ ಶೇ. 10 ಸಿಗುತ್ತದೆ. ಸಂಜೆ ಬಂದು ಒಂದಿಷ್ಟು ಹೊತ್ತು ಆಡಿ, ಎರಡೋ ಮೂರೋ ಬಿಲ್ಲೆ ಬೀಳಿಸಿ ಊಟಕ್ಕೆ ಎದ್ದು ಹೋಗುವ ಸಾಮಾನ್ಯನಿಗೆ ಮರಳಿದ್ದು ಶೇ. 70 ಮಾತ್ರ, ಅವನ ಉಳಿದ ಪಾಲು ಹದ್ದಿಗೆ ಹೋಯಿತು. ಸರಾಸರಿ ಶೇ. 90 ಎಂಬ ಅಂಕಿ ಇಬ್ಬರನ್ನೂ ಒಂದೇ ಚೀಲಕ್ಕೆ ತುಂಬುತ್ತದೆ. ನೆವಾಡದ 75ರ ಮಿತಿಯನ್ನು ಒಟ್ಟು ಸರಾಸರಿಯ ಮೇಲೆ ನೋಡಿದರೆ ಆಟ ಪಾಸು. ಆ ಸಾಮಾನ್ಯನ ಸಂಜೆಯ ಮೇಲೆ ನೋಡಿದರೆ ಫೇಲು. ಈ ಮಾತನ್ನು ವರದಿಯಲ್ಲಿ ಬರೆದೆ, ಆದರೆ ಹದಿನಾಲ್ಕನೆಯ ಪುಟದಲ್ಲಿ.

ತಪ್ಪಿದ ಬಸ್ಸು

ಫೋನಿನ ಆವೃತ್ತಿಯಲ್ಲಿ ಹುಂಡಿಯನ್ನು ಆಟಗಾರನ ಖಾತೆಗೇ ಕಟ್ಟಿದೆವು. ಅವನ ಬಿಲ್ಲೆ ಅವನಿಗೇ; ಹದ್ದುಗಳ ಕಾಟ ಇಲ್ಲ. ತಂಡದಲ್ಲಿ ಎಲ್ಲರಿಗೂ ನಿರಾಳವಾಯಿತು. ಇದು ನ್ಯಾಯವಾದ ಏರ್ಪಾಡು ಎಂದು ನಾನೂ ನಂಬಿದೆ.

ಕಂಪನಿಯವರು ಇದರ ಮೇಲೆ ಮೂರು ಸೇರ್ಪಡೆಗಳನ್ನು ಕೇಳಿದರು. ಆರು ಬಿಲ್ಲೆ ತುಂಬಿದವನು ಬಿಟ್ಟುಹೋದರೆ ಮರುದಿನ ಅವನ ಫೋನಿಗೆ ‘ಇನ್ನು ಎರಡೇ ಬಾಕಿ’ ಎಂಬ ಸಂದೇಶ ಹೋಗಬೇಕು. 30 ದಿನ ಆಡದಿದ್ದರೆ ಹುಂಡಿ ಖಾಲಿಯಾಗಬೇಕು. ಹುಂಡಿಯ ಅಳತೆ ಹತ್ತು ಬಿಲ್ಲೆಯದಾಗಿ, ಶುರುವಿನಲ್ಲೇ ಎರಡು ಬಿಲ್ಲೆ ಉಚಿತವಾಗಿ ಬಿದ್ದಿರಬೇಕು. ಕೊನೆಯದು ಅವರ ಸ್ವಂತ ಬುದ್ಧಿಯಲ್ಲ. 2006ರಲ್ಲಿ ಪ್ರಕಟವಾದ ನ್ಯೂನ್ಸ್ ಮತ್ತು ಡ್ರೆಝ್ ಅವರ ಅಧ್ಯಯನದಲ್ಲಿ ಕಾರು ತೊಳೆಯುವ ಅಂಗಡಿಯೊಂದರ 300 ಗಿರಾಕಿಗಳಿಗೆ ಕಾರ್ಡು ಹಂಚಿದ್ದರು: ಅರ್ಧ ಜನಕ್ಕೆ ಎಂಟು ಮುದ್ರೆಗಳ ಖಾಲಿ ಕಾರ್ಡು, ಉಳಿದರ್ಧಕ್ಕೆ ಹತ್ತು ಮುದ್ರೆಗಳ, ಆದರೆ ಎರಡು ಮುದ್ರೆ ಮೊದಲೇ ಒತ್ತಿದ ಕಾರ್ಡು. ಇಬ್ಬರೂ ತೊಳೆಸಬೇಕಾದದ್ದು ಎಂಟೇ ಬಾರಿ. ಖಾಲಿ ಕಾರ್ಡಿನವರಲ್ಲಿ ಶೇ. 19 ಜನ ಪೂರ್ತಿ ಮಾಡಿದರೆ, ಮುದ್ರೆ ಬಿದ್ದಿದ್ದ ಕಾರ್ಡಿನವರಲ್ಲಿ ಶೇ. 34 ಜನ ಮಾಡಿದರು. ಶುರುವಾಗಿಬಿಟ್ಟ ಕೆಲಸವನ್ನು ನಡುವೆ ಬಿಡಲು ಮನಸ್ಸು ಒಪ್ಪುವುದಿಲ್ಲ.

ಇದರ ಎಳೆತ ಎಷ್ಟು ಎಂಬುದನ್ನು ನಾವು ಕಂಡದ್ದು ವಿನ್ಯಾಸಗಾರ್ತಿಯ ಮನೆಯಲ್ಲಿ. ಅವರ ದೊಡ್ಡಮ್ಮ ನಿವೃತ್ತ ಶಾಲಾ ಶಿಕ್ಷಕಿ, ಗಂಗಾವತಿಯವರು. ಯಾವ ಜೂಜಿನ ಗಂಧವೂ ಇಲ್ಲದವರು. ಮೂರು ದಿನಕ್ಕೆಂದು ಬಂದಿದ್ದ ಅವರ ಕೈಗೆ ಸುಳ್ಳು ಹಣದ ಮಾದರಿಯನ್ನು ಕೊಟ್ಟಿದ್ದರು. ಹೊರಡುವ ದಿನ ಸಂಜೆ ಚೀಲ ಬಾಗಿಲ ಬಳಿ ಇತ್ತು, ಸೀರೆಯ ಸೆರಗು ಸಿಕ್ಕಿಸಿಯಾಗಿತ್ತು, ಚಪ್ಪಲಿಯ ಒಂದು ಕಾಲು ಮೆಟ್ಟಿದ್ದರು. ಹೊಸ್ತಿಲ ಮೇಲೆ ಕೂತು ಫೋನನ್ನು ಕಣ್ಣಿಗೆ ಹತ್ತಿರ ಹಿಡಿದಿದ್ದರು. ಆಟೊದವನು ಎರಡು ಸಲ ಹಾರನ್ ಹೊಡೆದ. ‘ತಡಿಯವ್ವಾ, ಇನ್ನ ಎರಡ ಬಿಲ್ಲಿ ಉಳದಾವ. ಹಿಂಗ ಬಿಟ್ಟು ಹೋದ್ರ ಅವು ಯಾರ ಪಾಲ ಆಗತಾವ?’ ಎಂದರು. ಎರಡು ಬಿಲ್ಲೆಗೆ ಸರಾಸರಿ 30 ಸುತ್ತು. ಆದರೆ ಕಟ್ಟಕಡೆಯ ಒಂದೇ ಬಿಲ್ಲೆಗೂ 30ಕ್ಕಿಂತ ಹೆಚ್ಚು ಸುತ್ತು ಕಾಯುವ ಸಂದರ್ಭ ಎಂಟರಲ್ಲಿ ಒಮ್ಮೆ ಬರುತ್ತದೆ. ಅವತ್ತು ಬಂತು. ಐದೂವರೆಯ ಬಸ್ಸು ತಪ್ಪಿತು. ಹುಂಡಿ ಒಡೆದ ಮೇಲೆ ಅವರು ಫೋನನ್ನು ಕೆಳಗಿಡಲಿಲ್ಲ ಎಂಬುದನ್ನೂ ಹೇಳಬೇಕು. ಹೊಸ ಹುಂಡಿಯಲ್ಲಿ ಆಗಲೇ ಎರಡು ಉಚಿತ ಬಿಲ್ಲೆ ಬಿದ್ದಿದ್ದವು.

ಬಸ್ಸು ತಪ್ಪಿದ್ದು ದೊಡ್ಡ ಹಾನಿಯೇನಲ್ಲ, ಮುಂದಿನ ಬಸ್ಸು ಸಿಕ್ಕಿತು. ಆದರೆ ‘ಯಾರ ಪಾಲು’ ಎಂಬ ಪ್ರಶ್ನೆಯನ್ನು ವಿನ್ಯಾಸಗಾರ್ತಿ ಮರುದಿನ ಕಚೇರಿಯ ಹಲಗೆಯ ಮೇಲೆ ಬರೆದಿಟ್ಟರು. ಈ ಪ್ರಕರಣದ ತಿರುವು ಅದೇ. ಯಂತ್ರದಲ್ಲಿ ಬಿಟ್ಟುಹೋದ ಬಿಲ್ಲೆ ಮುಂದಿನ ಆಟಗಾರನ ಪಾಲು. ಅದು ಅನ್ಯಾಯವಿರಬಹುದು, ಆದರೆ ಹಣ ಆಟಗಾರರ ನಡುವೆಯೇ ಉಳಿಯುತ್ತದೆ. ಖಾತೆಗೆ ಕಟ್ಟಿದ ಹುಂಡಿಯಲ್ಲಿ 30 ದಿನದ ನಂತರ ಬಿಲ್ಲೆ ಕಂಪನಿಯ ಪಾಲು. ನಾವು ನ್ಯಾಯ ಎಂದುಕೊಂಡಿದ್ದ ಏರ್ಪಾಡಿನಲ್ಲಿ ಹದ್ದಿನ ಜಾಗಕ್ಕೆ ಕಂಪನಿಯೇ ಬಂದು ಕೂತಿತ್ತು. 60 ಸುತ್ತು ಆಡಿ, ನಾಲ್ಕು ಬಿಲ್ಲೆ ಗಳಿಸಿ, ಮತ್ತೆ ಬಾರದವನ ಲೆಕ್ಕ ಮಾಡಿ: ಮೂಲ ಆಟದಲ್ಲಿ ಸರಾಸರಿ 18 ಪಣ ನಷ್ಟ, ಬಿಲ್ಲೆಗಳ ಬೆಲೆ 12 ಪಣ. ಬಿಲ್ಲೆ ಕೈಗೆ ಬಂದಿದ್ದರೆ ಅವನು ಕಳೆದುಕೊಳ್ಳುತ್ತಿದ್ದದ್ದು 6. ಬಾರದ್ದರಿಂದ ಮೂರು ಪಟ್ಟು.

‘ಇನ್ನು ಎರಡೇ ಬಾಕಿ’ ಎಂಬ ಸಂದೇಶವೂ ಬೇರೆ ಬೆಳಕಿನಲ್ಲಿ ಕಂಡಿತು. ಅದು ಸುಳ್ಳಲ್ಲ, ಮರಳಿ ಬಂದವನು ಸರಾಸರಿ 9 ಪಣ ಖರ್ಚು ಮಾಡಿ 24 ಪಡೆಯುತ್ತಾನೆ. ಆದರೆ ಆ 24ರಲ್ಲಿ 18 ಮೊದಲೇ ಅವನದು. ಅವನು ಲಾಭಕ್ಕೆ ಬರುತ್ತಿಲ್ಲ, ಒತ್ತೆ ಬಿದ್ದದ್ದನ್ನು ಬಿಡಿಸಿಕೊಳ್ಳಲು ಬರುತ್ತಿದ್ದಾನೆ. ಇದಕ್ಕೆ ಅಗ್ಗದ ದಾರಿಯೊಂದಿತ್ತು: ನೂರರ ಪಣದಲ್ಲಿ ಆರು ಬಿಲ್ಲೆ ಕೂಡಿಸಿದವನು ಪಣವನ್ನು ಒಂದಕ್ಕೆ ಇಳಿಸಿ ಉಳಿದೆರಡನ್ನು ಒಂಬತ್ತೇ ರೂಪಾಯಿ ಖರ್ಚಿನಲ್ಲಿ ತುಂಬಿಸಬಹುದು. ಇದನ್ನು ಕಂಪನಿಯ ವಿಶ್ಲೇಷಕರು ನಮಗಿಂತ ಮೊದಲೇ ಕಂಡರು. ಪಣ ಇಳಿಸಿದರೆ ಬೇರೆಯದೇ ಖಾಲಿ ಹುಂಡಿ ಕಾಣಿಸಬೇಕು ಎಂಬ ಸೂಚನೆ ಎರಡೇ ದಿನದಲ್ಲಿ ಬಂತು.

ಚಿತ್ರದ ಹುಂಡಿ

ನಮ್ಮ ತಕರಾರಿಗೆ ಉತ್ತರವಾಗಿ ಕಂಪನಿ ಇನ್ನೊಂದು ದಾರಿ ತೋರಿಸಿತು. ಬಿಲ್ಲೆಗೆ ಬೆಲೆಯೇ ಬೇಡ. ಬಿಲ್ಲೆ ಬಿದ್ದಾಗಲೆಲ್ಲ ಹುಂಡಿ ಒಡೆಯುವ ಅವಕಾಶ 8ಕ್ಕೆ 1 ಇರಲಿ, ಒಳಗೆ ಎಷ್ಟು ಬಿಲ್ಲೆ ಇದ್ದರೂ ಅಷ್ಟೇ ಇರಲಿ. ಹುಂಡಿ ಪರದೆಯ ಮೇಲೆ ಮಾತ್ರ ಉಬ್ಬುತ್ತ ಹೋಗಲಿ. ಸರಾಸರಿ ಆಗಲೂ 120 ಸುತ್ತೇ, ಮರಳಿಕೆ ಆಗಲೂ ಶೇ. 90, ಅದೂ ಪ್ರತಿ ಸುತ್ತಿನಲ್ಲಿ, ಪ್ರತಿಯೊಬ್ಬನಿಗೂ, ಯಾವಾಗ ಎದ್ದರೂ. ಉಳಿಕೆ ಇಲ್ಲದ ಮೇಲೆ ಕಳೆದುಕೊಳ್ಳುವುದೂ ಇಲ್ಲ.

ನಾನು ಇದಕ್ಕೆ ಸಂತೋಷದಿಂದ ಒಪ್ಪಿಗೆ ಕೊಟ್ಟೆ. ಅದು ಈ ಕೆಲಸದಲ್ಲಿ ನಾನು ಮಾಡಿದ ದೊಡ್ಡ ತಪ್ಪು. ಗಣಿತದಲ್ಲಿ ಕಳಂಕ ಇಲ್ಲದ್ದು ಆಟದಲ್ಲೂ ಕಳಂಕ ಇಲ್ಲದ್ದು ಎಂದು ಭಾವಿಸಿದ್ದೆ. ವಿನ್ಯಾಸಗಾರ್ತಿ ಒಪ್ಪಲಿಲ್ಲ. ತುಂಬಿದ ಹುಂಡಿಯ ಚಿತ್ರ ‘ಹತ್ತಿರ ಬಂದೆ’ ಎಂದು ಹೇಳುತ್ತದೆ, ಲೆಕ್ಕ ‘ಎಲ್ಲಿದ್ದೆಯೋ ಅಲ್ಲೇ ಇದ್ದೀಯ’ ಎಂದು ಹೇಳುತ್ತದೆ, ಆಟಗಾರನಿಗೆ ಕಾಣುವುದು ಚಿತ್ರ ಮಾತ್ರ ಎಂದು ಅವರು ವಾದಿಸಿದರು. ಎಂಟು ಬಿಲ್ಲೆ ಬಿದ್ದರೂ ಒಡೆಯದಿರುವ ಸಂಭವ ಶೇ. 34, ಹದಿನಾರು ಬಿದ್ದರೂ ಒಡೆಯದಿರುವ ಸಂಭವ ಶೇ. 12 ಎಂದು ನಾನೇ ಲೆಕ್ಕ ಹಾಕಿ ಕೊಟ್ಟಿದ್ದೆ. ಹದಿನಾರು ಬಿಲ್ಲೆಯ ಹುಂಡಿಯನ್ನು ನೋಡುತ್ತ ಕೂತವನ ತಲೆಯಲ್ಲಿ ಏನು ನಡೆಯುತ್ತದೆ ಎಂಬುದನ್ನು ಮಾತ್ರ ಕೇಳಿಕೊಂಡಿರಲಿಲ್ಲ.

ಅದನ್ನು ತೋರಿಸಿದವನು ಮತ್ತೆ ಅದೇ ಗುಮಾಸ್ತ. ಮೊದಲ ಆವೃತ್ತಿಯನ್ನು ಅರ್ಧ ಗಂಟೆಯಲ್ಲಿ ಸೀಳಿದ ಆ ತೀಕ್ಷ್ಣ ಬುದ್ಧಿ ಇಲ್ಲಿ ನಾಲ್ಕು ದಿನ ಸಿಕ್ಕಿಬಿದ್ದಿತು. ಅಂಗಡಿಯ ಹಳೆಯ ಬಿಲ್ ಪುಸ್ತಕದ ಹಿಂಬದಿಯಲ್ಲಿ ಅವನು ಹುಂಡಿ ಎಷ್ಟೆಷ್ಟಕ್ಕೆ ಒಡೆಯಿತು ಎಂದು ಪಟ್ಟಿ ಮಾಡಿದ್ದ: 5, 11, 3, 19, 2, 8, 14. ಪಕ್ಕದಲ್ಲಿ ಕೆಂಪು ಪೆನ್ನಿನ ಗೆರೆಗಳು, ಬಾಣಗಳು, ಒಂದೆರಡು ಕಡೆ ‘ದೊಡ್ಡದಾದ ಮೇಲೆ ಸಣ್ಣದು’ ಎಂಬ ಟಿಪ್ಪಣಿ. ನಮ್ಮ ಕಡೆ ಓಸಿ ಜೂಜು ಆಡುವವರು ಹಳೆಯ ನಂಬರುಗಳ ಚಾರ್ಟು ಹಿಡಿದು ಇವತ್ತಿನದನ್ನು ಹುಡುಕುವ ರೀತಿ ಅದೇ. ಹುಡುಕಲು ಅಲ್ಲಿ ಏನೂ ಇರಲಿಲ್ಲ. ‘ಇದರಾಗ ಲೆಕ್ಕ ಐತಿ ಸರ್, ಇನ್ನೂ ಕೈಗೆ ಸಿಕ್ಕಿಲ್ಲ’ ಎಂದು ಅವನು ನನಗೆ ಹೇಳಿದಾಗ, ಶೇ. 90 ಎಂಬ ನನ್ನ ನಿಷ್ಕಳಂಕ ಅಂಕಿ ನಾಚಿಕೆ ಹುಟ್ಟಿಸಿತು.

ಬ್ರಿಟನ್ನಿನ ಜೂಜು ಆಯೋಗ 2021ರ ಅಕ್ಟೋಬರ್‌ನಿಂದ ಆನ್‌ಲೈನ್ ಸ್ಲಾಟ್‌ಗಳಲ್ಲಿ ಒಂದು ಸುತ್ತಿಗೆ ಕನಿಷ್ಠ 2.5 ಸೆಕೆಂಡು ಇರಬೇಕೆಂದೂ, ತಾನಾಗಿ ತಿರುಗುವ ಸೌಲಭ್ಯ ಇರಬಾರದೆಂದೂ, ಕಟ್ಟಿದ್ದಕ್ಕಿಂತ ಕಡಿಮೆ ಮರಳಿದಾಗ ಗೆದ್ದಂತೆ ಸದ್ದು-ಬೆಳಕು ತೋರಿಸಬಾರದೆಂದೂ ನಿಯಮ ಮಾಡಿದೆ. ಮೂರನೆಯದು ನನಗೆ ಬಹಳ ಹಿಡಿಸಿದ ನಿಯಮ, ಏಕೆಂದರೆ ಅದು ಲೆಕ್ಕವನ್ನು ಪ್ರಶ್ನಿಸದೆ ಚಿತ್ರವನ್ನು ಪ್ರಶ್ನಿಸುತ್ತದೆ. ನಮ್ಮ ಉಬ್ಬುವ ಹುಂಡಿಯ ಜಾತಿಯೂ ಅದೇ. 2.5 ಸೆಕೆಂಡಿನ ವೇಗದಲ್ಲಿ 120 ಸುತ್ತಿಗೆ ಐದೇ ನಿಮಿಷ ಸಾಕು ಎಂಬುದನ್ನೂ ಇಲ್ಲಿ ನೆನೆಯಬೇಕು; ಗಂಟೆಗೆ ಹನ್ನೆರಡು ಹುಂಡಿ.

ಒಡೆಯುವ ಗುಂಡಿ

ಕೊನೆಯ ಪ್ರಸ್ತಾಪ ವಿನ್ಯಾಸಗಾರ್ತಿಯಿಂದ ಬಂತು, ಮತ್ತು ಅದು ಜಾತ್ರೆಯ ಹುಂಡಿಯಿಂದಲೇ ಬಂತು. ಮಣ್ಣಿನ ಹುಂಡಿಯನ್ನು ತುಂಬುವ ತನಕ ಕಾಯಬೇಕೆಂಬ ನಿಯಮವಿಲ್ಲ. ಮನೆಯಲ್ಲಿ ಅಡಚಣೆಯಾದ ದಿನ ಅಮ್ಮ ಅದನ್ನು ಅರ್ಧಕ್ಕೇ ಒಡೆದು ಕಿರಾಣಿ ತರುತ್ತಾರೆ. ಹಾಗೆಯೇ ಪರದೆಯ ಮೇಲೆ ‘ಒಡೆ’ ಎಂಬ ಗುಂಡಿಯೊಂದು ಸದಾ ಇರಲಿ. ಒತ್ತಿದರೆ ಇದ್ದಷ್ಟು ಬಿಲ್ಲೆಗಳ ಬೆಲೆ, ಬಿಲ್ಲೆಗೆ ಪಣದ ಮೂರು ಪಟ್ಟಿನಂತೆ, ಕೈಗೆ ಬರಲಿ. ತುಂಬುವವರೆಗೆ ಕಾಯುವವರು ಕಾಯಲಿ, ಅವರಿಗೆ ತುಂಬಿ ಒಡೆಯುವ ಸಂಭ್ರಮ ಸಿಗಲಿ.

ನಾನು ಲೆಕ್ಕ ಮಾಡಿದೆ. ಮೂಲ ಆಟದ ಶೇ. 70ಕ್ಕೆ 15 ಸುತ್ತಿಗೊಮ್ಮೆ ಮೂರು ಪಣ, ಅಂದರೆ ಶೇ. 20 ಸೇರಿ, ಯಾವ ಸ್ಥಿತಿಯಲ್ಲಾದರೂ, ಯಾರಿಗಾದರೂ, ಯಾವಾಗ ಎದ್ದರೂ ಮರಳಿಕೆ ಶೇ. 90. ಹದ್ದಿಗೆ ಲಾಭವಿಲ್ಲ, ಏಕೆಂದರೆ ಯಾರೂ ಬಿಲ್ಲೆ ಬಿಟ್ಟು ಹೋಗುವುದಿಲ್ಲ. ಚಿತ್ರ ಸುಳ್ಳಾಡುವುದಿಲ್ಲ, ಏಕೆಂದರೆ ಉಬ್ಬಿದ ಹುಂಡಿಯಲ್ಲಿ ನಿಜಕ್ಕೂ ಹೆಚ್ಚು ಹಣ ಇದೆ. ಮೂರು ಆವೃತ್ತಿಗಳ ಮೂರು ದೋಷಗಳೂ ಒಂದು ಗುಂಡಿಯಿಂದ ಹೋದವು, ಮತ್ತು ಕಂಪನಿಯ ಶೇ. 10 ಹಾಗೆಯೇ ಉಳಿಯಿತು. ಎರಡು ತಿಂಗಳ ಹಿಂದೆ ತೇಪೆಯಾಗಿ ಹಾಕಿದ್ದ ಬಿಲ್ಲೆಯ ಬೆಲೆಯೇ ಇದನ್ನು ಸಾಧ್ಯವಾಗಿಸಿತ್ತು. ಇಂಥ ಸುಲಭದ ಪರಿಹಾರವನ್ನು ಯಾರು ಬೇಡವೆನ್ನುತ್ತಾರೆ ಎಂದು ಮಾಲಕರು ಆ ದಿನ ಮಿರ್ಚಿ-ಮಂಡಕ್ಕಿ ತರಿಸಿದರು.

ಕಂಪನಿ ಬೇಡವೆಂದಿತು. ಕಾರಣವನ್ನು ಅವರು ಮುಚ್ಚಿಡಲಿಲ್ಲ: ಯಾವಾಗ ಬೇಕಾದರೂ ಒಡೆಯಬಹುದಾದರೆ ಮರಳಿ ಬರಲು ಅವನಿಗೆ ಏನಿದೆ? ಬೇಡಿಕೆ ಪತ್ರದ ಮುಖ್ಯ ವಾಕ್ಯಕ್ಕೆ ಅವರು ನಿಷ್ಠರಾಗಿದ್ದರು ಎನ್ನಬೇಕು. ಅವರು ಕೊಳ್ಳಲು ಬಂದದ್ದು ಬಹುಮಾನವನ್ನಲ್ಲ, ಬಿಟ್ಟುಹೋಗಲಾಗದ ಸ್ಥಿತಿಯನ್ನು. ಅದಕ್ಕೆ ಬಹುಮಾನದ ವೇಷ ಹೊಲಿದುಕೊಡುವುದು ನಮ್ಮ ಕೆಲಸವಾಗಿತ್ತು. ನಾವು ಲೆಕ್ಕದಲ್ಲಿ ಮುಳುಗಿ ಅದನ್ನು ದೋಷವೆಂದು ತಿದ್ದುತ್ತ ಹೋಗಿದ್ದೆವು.

ಫಲಿತಾಂಶ

ಎಳೆದಾಡಿ ಒಂದು ರಾಜಿ ಆಯಿತು. ಗುಂಡಿ ಇರುತ್ತದೆ, ಆದರೆ ಮುಖ್ಯ ಪರದೆಯಲ್ಲಲ್ಲ, ಸೆಟ್ಟಿಂಗ್‌ನೊಳಗೆ. ಅರ್ಧಕ್ಕೆ ಒಡೆದವನಿಗೆ ಬಿಲ್ಲೆಗೆ ಮೂರು ಪಟ್ಟಿನ ಬದಲು ಒಂದು ಪಟ್ಟು. ಹಾಗೆ ಒಡೆಯುತ್ತ ಆಡುವವನಿಗೆ ಮರಳುವುದು ಶೇ. 76.7. ವಿನ್ಯಾಸಗಾರ್ತಿ ಇದನ್ನು ಬರೆಯಲು ನಿರಾಕರಿಸಿದರು. ಕೊನೆಯ ಕಂತಿನ ಹಣ ಬರದಿದ್ದರೆ ನಾಲ್ಕು ಜನರ ಸಂಬಳ ನಿಲ್ಲುತ್ತಿತ್ತು. ಮಾಲಕರು ತಾವೇ ಕೂತು ಬರೆದು ಒಪ್ಪಿಸಿದರು. ನಾನು ಅಂತಿಮ ವರದಿಗೆ ಸಹಿ ಹಾಕಿದೆ, ಮೂರು ಮರಳಿಕೆಗಳನ್ನೂ ಮೊದಲ ಪುಟದಲ್ಲಿ ಬರೆಯುವ ಷರತ್ತಿನ ಮೇಲೆ: ತುಂಬುವ ತನಕ ಆಡುವವನಿಗೆ 90, ಒಡೆದು ಹೋಗುವವನಿಗೆ 76.7, ಹಾಗೇ ಎದ್ದು ಹೋಗುವವನಿಗೆ 70. ಆ ಪುಟ ಕಂಪನಿಯ ಕಡತದಲ್ಲಿ ಇದೆ. ಆಟಗಾರನ ಪರದೆಯ ಮೇಲೆ ಇರುವುದು 90 ಒಂದೇ.

2025ರ ಆಗಸ್ಟ್‌ನಲ್ಲಿ ಕೇಂದ್ರದ ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಮಸೂದೆ 20ರಂದು ಲೋಕಸಭೆಯಲ್ಲಿ, 21ರಂದು ರಾಜ್ಯಸಭೆಯಲ್ಲಿ ಅಂಗೀಕಾರವಾಗಿ 22ರಂದು ರಾಷ್ಟ್ರಪತಿಯವರ ಅಂಕಿತ ಪಡೆಯಿತು. ಹಣ ಕಟ್ಟುವ ಆನ್‌ಲೈನ್ ಆಟವನ್ನು ಒದಗಿಸುವವರಿಗೆ ಮೂರು ವರ್ಷಗಳವರೆಗೆ ಸೆರೆವಾಸ, ಒಂದು ಕೋಟಿ ರೂಪಾಯಿಗಳವರೆಗೆ ದಂಡ, ಅಥವಾ ಎರಡನ್ನೂ ಅದು ವಿಧಿಸುತ್ತದೆ. ಮಾಲಕರು ಇದಕ್ಕೆ ಮೊದಲೇ ಆ ಬಗೆಯ ಎರಡನೆಯ ಕೆಲಸವನ್ನು ಬಿಟ್ಟಿದ್ದರು, ಕಾನೂನು ಬಂದ ಮೇಲೆ ಮಧ್ಯವರ್ತಿಯ ಕರೆಗಳೂ ನಿಂತವು. ವಿನ್ಯಾಸಗಾರ್ತಿ ಸಂಸ್ಥೆಯಲ್ಲೇ ಇದ್ದಾರೆ.

ಇದೇ ಬಗೆಯ ಕೆಲಸ ಕೈಗೆತ್ತಿಕೊಳ್ಳುವವರಿಗೆ ನಮ್ಮ ಅನುಭವದಿಂದ ದಕ್ಕುವುದು ಮೊದಲ ವಾರದಲ್ಲೇ ಕೇಳಬಹುದಾಗಿದ್ದ ಪ್ರಶ್ನೆಗಳು. ಸರಾಸರಿಯನ್ನು ಲೆಕ್ಕ ಹಾಕುವ ಮೊದಲು ನಡುವೆ ಎದ್ದು ಹೋಗುವವನ ಲೆಕ್ಕವನ್ನು ಬೇರೆಯಾಗಿ ಹಾಕಬೇಕಿತ್ತು. ಉಳಿದದ್ದು ಯಾರ ಪಾಲು ಎಂಬುದನ್ನು ಪ್ರತಿ ಆವೃತ್ತಿಯಲ್ಲೂ ಒಂದು ವಾಕ್ಯದಲ್ಲಿ ಬರೆದುಕೊಳ್ಳಬೇಕಿತ್ತು. ಆ ವಾಕ್ಯ ಬರೆಯಲು ಮುಜುಗರವಾದರೆ ವಿನ್ಯಾಸ ಎಲ್ಲಿ ತಪ್ಪಿದೆ ಎಂಬುದು ಅಲ್ಲೇ ತಿಳಿಯುತ್ತದೆ. ಪರದೆ ಹೇಳುವುದನ್ನೂ ಲೆಕ್ಕ ಹೇಳುವುದನ್ನೂ ಅಕ್ಕಪಕ್ಕ ಇಟ್ಟು ನೋಡುವವರು ಲೆಕ್ಕದವರಲ್ಲದೆ ಬೇರೆಯವರಾಗಿರಬೇಕು, ಏಕೆಂದರೆ ನನ್ನಂಥವರಿಗೆ ಪರದೆ ಕಾಣಿಸುವುದಿಲ್ಲ. ಪರೀಕ್ಷೆಗೆ ಗುಮಾಸ್ತನಂಥ ಚಾಲಾಕಿಯೂ ಬೇಕು, ದೊಡ್ಡಮ್ಮನಂಥ ಮುಗ್ಧರೂ ಬೇಕು; ಒಬ್ಬರು ಕಂಡದ್ದನ್ನು ಇನ್ನೊಬ್ಬರು ಕಾಣಲಿಲ್ಲ.

ಸಂಸ್ಥೆಗೆ ಈಗ ಬಟ್ಟೆ ಅಂಗಡಿಯೊಂದರ ಗಿರಾಕಿಗಳಿಗೆ ಅಂಕ ಕೂಡಿಸುವ ಆ್ಯಪ್ ಮಾಡುವ ಕೆಲಸ ಬಂದಿದೆ. ಹತ್ತು ಬಾರಿ ಖರೀದಿಸಿದರೆ ಒಂದು ಅಂಗಿ ಉಚಿತ, ವರ್ಷ ದಾಟಿದರೆ ಅಂಕಗಳು ರದ್ದು. ಇದು ಜೂಜಲ್ಲ, ಯಾವ ಕಾಯ್ದೆಯೂ ಇದನ್ನು ತಡೆಯುವುದಿಲ್ಲ. ಕರಡಿನಲ್ಲಿ ವಿನ್ಯಾಸಗಾರ್ತಿ ಒಂದು ಸಾಲು ಸೇರಿಸಿದ್ದಾರೆ: ಏಳನೆಯ ಖರೀದಿಗೆ ನಿಲ್ಲಿಸಿದವರಿಗೆ ಸಿಗುವುದು. ಅದರ ಎದುರಿನ ಖಾನೆಯನ್ನು ಅಂಗಡಿಯವರು ಇನ್ನೂ ತುಂಬಿ ಕಳಿಸಿಲ್ಲ.